ಆರೋಪಿ ಮೊಸರು

"ನನ್ನ ಕಣ್ಣಿಗೆ ಮಣ್ಣೆರಚೂ ವ್ಯಾಪಾರಿ ಈ ಬೆಳಗಾವಿಯೊಳಗ ಇನ್ನೂ ಅಂಗಡಿ ತೆಗೆದಿಲ್ಲ!" ಎಂದು ಹೃಷೀಕೇಶರಾಯರು ಬೂಟಿನ ಲಾಡಿ ಬಿಗಿಯುತ್ತ ಘೋಷಿಸಿದರು. "ಇವತ್ತ ಆ ಗುರುಪುತ್ರಪ್ಪನ ಕ್ಲೇಮು ಹೆಂಗ ಪಾಸ್ ಆಗ್ತದ ನೋಡೇಬಿಡ್ತೀನಿ."

ರಾಯರು ವಿಮಾ ಕಂಪನಿಗಳ ಪರವಾಗಿ ನಷ್ಟ ಅಳೆಯುವ ಸರ್ವೇಯರ್. ಎಲ್ಲಿಯಾದರೂ ಬೆಂಕಿ ಬಿದ್ದರೆ ಜನ ನೀರು ಹುಡುಕುತ್ತಾರೆ. ರಾಯರು ಕಡ್ಡಿಪೆಟ್ಟಿಗೆ ಹುಡುಕುತ್ತಾರೆ. ಟಿಳಕವಾಡಿಯ ಅವರ ಓಣಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡ ಸುದ್ದಿ ಬಂದಾಗ "ಕಣ್ಣಾರೆ ನೋಡಿದವರು ಯಾರು?" ಎಂದು ಕೇಳಿದ ಕೀರ್ತಿ ಅವರದು. ಆದರೆ ಒಂದು ಮಾತು ಒಪ್ಪಬೇಕು. ಸುಳ್ಳೆಂದು ತಮಗೆ ಗೊತ್ತಿದ್ದ ಯಾವುದಕ್ಕೂ ಅವರು ಈವರೆಗೆ ಸಹಿ ಹಾಕಿದವರಲ್ಲ. ಸಂಶಯ ಅವರ ವೃತ್ತಿ, ಪ್ರಾಮಾಣಿಕತೆ ಅವರ ಹೆಮ್ಮೆ. ಮನೆಯವರಿಗೆ ಎರಡರಿಂದಲೂ ಸಮನಾದ ಉಪದ್ರವ.

ಗುರುಪುತ್ರಪ್ಪ ರವಿವಾರ ಪೇಟೆಯಲ್ಲಿ ಒಣಹಣ್ಣುಗಳ ಸಗಟು ವ್ಯಾಪಾರಿ. ಆ ವಾರದ ಮಳೆಗೆ ಅವನ ಗೋದಾಮಿನ ತಗಡು ಹಾರಿ, ಅಂಜೂರದ ಪೆಟ್ಟಿಗೆಗಳೆಲ್ಲ ತೊಯ್ದಿದ್ದವು. ರಾಯರು ಗೋದಾಮು ಹೊಕ್ಕವರೇ ಮೊದಲು ತಗಡಿನ ಮೇಲೆ ಸಂಶಯಪಟ್ಟರು, ಆಮೇಲೆ ಮಳೆಯ ಮೇಲೆ, ಕೊನೆಗೆ ಅಂಜೂರದ ಮೇಲೆ.

"ತೊಯ್ದದ್ದು ಖರೇ ಅದ. ಕೆಟ್ಟದ್ದಕ್ಕ ಪುರಾವೆ ಏನು?"

"ವಾಸನಿ ನೋಡ್ರಿ ಸರ! ಬೂಸರು ಹಿಡದೈತಿ!"

"ವಾಸನಿ ನಿಮ್ಮ ಗೋದಾಮಿಂದು. ಈ ಬಿಳೀದು ಬೂಸರಲ್ಲ, ಅಂಜೂರದೊಳಗಿನ ಸಕ್ಕರಿ ಹೊರಗ ಬಂದದ."

"ಸರ, ನಮ್ಮ ಗೋದಾಮಿನ ಇಲಿಸುದ್ದಾ ಇದನ್ನ ಮೂಸಿ ಹೊಳ್ಳಿ ಹೋಗ್ಯಾವ್ರಿ!"

ಇಲಿಯ ಸಾಕ್ಷ್ಯವನ್ನು ರಾಯರು ಮಾನ್ಯ ಮಾಡಲಿಲ್ಲ. ಒಂದು ಅಂಜೂರ ಎತ್ತಿ ಬಾಯಿಗೆ ಹಾಕಿಕೊಂಡರು. ಗುರುಪುತ್ರಪ್ಪ "ಸರ, ಬ್ಯಾಡ್ರಿ!" ಎಂದು ಕೈ ಹಿಡಿಯಲು ಬಂದ. ಹಿಡಿಯಲು ಬಂದದ್ದೇ ತಪ್ಪಾಯಿತು. ಕಳ್ಳನಿಗಲ್ಲದೆ ಇಷ್ಟು ಗಾಬರಿ ಯಾಕೆ? ರಾಯರು ಎರಡನೆಯದನ್ನು ತಿಂದರು. ಆಮೇಲೆ ಒಂದು ಹಿಡಿ ತಿಂದರು.

"ಅಮೃತ ಇದ್ದಂಗ ಅದ! ಇದನ್ನ ಕೆಟ್ಟದಂತ ತೋರಿಸಿ ಕಂಪನಿ ರೊಕ್ಕ ನುಂಗಬೇಕಂತೀರಿ, ಹೌದಲ್ಲೋ?"

ಗುರುಪುತ್ರಪ್ಪ ಕೈಮುಗಿದು ನಿಂತ. ಸೋತು ಮುಗಿದ ಕೈಗಳವು ಎಂದು ರಾಯರು ತಿಳಿದರು. ನಿಜವಾಗಿ ಅವು ಶ್ರದ್ಧಾಂಜಲಿಗೆ ಜೋಡಿಸಿದ ಕೈಗಳಾಗಿದ್ದವು.

ಮರುದಿನ ಬೆಳಗಿನ ಚಹಾಕ್ಕೆ ಮುಂಚೆಯೇ ರಾಯರ ಹೊಟ್ಟೆಯೊಳಗೆ ನಾಲ್ಕೂ ದಿಕ್ಕಿನಿಂದ ದಂಡು ಏರಿ ಬಂತು! ಕರುಳಿನಲ್ಲಿ ಕುದುರೆ ಓಡಿದವು, ನಗಾರಿ ಮೊಳಗಿತು, ಕೋಟೆಯ ಬಾಗಿಲು ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಹಾಸಿಗೆಯಿಂದ ಸಂಡಾಸಕ್ಕೆ, ಸಂಡಾಸದಿಂದ ಹಾಸಿಗೆಗೆ ಎಂಬ ಏಕೈಕ ಮಾರ್ಗದ ಪ್ರಯಾಣಿಕರಾಗಿದ್ದರು.

ಅವರ ಹೆಂಡತಿ ಮುಕ್ತಾಬಾಯಿ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತರಾದವರು. ಕರುಣೆಗಿಂತ ಮೊದಲು ಅವರಿಗೆ ಪ್ರಶ್ನೆ ಬರುತ್ತದೆ.

"ನಿನ್ನೆ ಹೊರಗ ಏನು ತಿಂದೀರಿ?"

"ಏನೂ ಇಲ್ಲ!"

ಸುಳ್ಳಿಗೆ ಸಹಿ ಹಾಕದ ನಿಯಮ ಬಾಯಿಮಾತಿಗೆ ಅನ್ವಯಿಸುತ್ತಿರಲಿಲ್ಲ. ಅಂಜೂರವೆಂದು ಬಾಯಿಬಿಟ್ಟರೆ ಏನಾದೀತು? ಅಂಜೂರ ಕೆಟ್ಟದ್ದೆಂದು ಸ್ವಂತ ಹೊಟ್ಟೆಯೇ ಸಾಕ್ಷಿ ಹೇಳಿದಂತೆ. ಗುರುಪುತ್ರಪ್ಪನ ಕ್ಲೇಮು ಖರೆಯಾಗುತ್ತದೆ. ಪೆಟ್ಟಿಗೆಗಟ್ಟಲೆ ವ್ಯಾಪಾರಿಗಳನ್ನು ನಡುಗಿಸಿದ ಸರ್ವೇಯರ್ ಒಂದು ಹಿಡಿ ಅಂಜೂರಕ್ಕೆ ಮಣ್ಣುಮುಕ್ಕಿದನೆಂದು ರವಿವಾರ ಪೇಟೆ ತಕ್ಕಡಿ ಬಿಟ್ಟು ನಕ್ಕೀತು. ಛೇ! ತಪ್ಪು ಬೇರೆ ಯಾರದೋ ಇರಲೇಬೇಕು. ರಾಯರು ನಿನ್ನೆಯ ಊಟವನ್ನು ಒಂದೊಂದಾಗಿ ನೆನೆದರು. ರೊಟ್ಟಿ ಮನೆಯದು. ಪಲ್ಯ ಮನೆಯದು. ಮೊಸರು...

"ಮಸರು!" ಎಂದು ಕೂಗಿದರು. "ಬೀಡಿ ಮಸರು!"

ಅಡುಗೆಮನೆಯಲ್ಲಿ ಸೊಸೆ ಐಶ್ವರ್ಯಾಳ ಕೈಯಿಂದ ಸೌಟು ಬಿತ್ತು.

ಐಶ್ವರ್ಯಾ ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನ ಹುಡುಗಿ. ಅವಳೂ ರಾಯರ ಮಗ ವಿನೀತನೂ ತಾವೇ ಒಪ್ಪಿ ಮದುವೆಯಾದವರು. ಅವರು ಬಸವಣ್ಣನವರ ಮತದವರು, ಇವರು ವೈಷ್ಣವರು. ಮದುವೆಯ ದಿನ ಎರಡೂ ಕಡೆಯವರು ಒಬ್ಬರ ಎಲೆಯನ್ನು ಒಬ್ಬರು ಓರೆಗಣ್ಣಿನಿಂದ ನೋಡುತ್ತಲೇ ಉಂಡೆದ್ದಿದ್ದರು. ಆ ಬಿಗುವು ಸಡಿಲಿಸಿದ್ದು ಐಶ್ವರ್ಯಾಳ ತಾಯಿ ಬಸವಣ್ಣೆವ್ವನ ಎಮ್ಮೆಗಳು. ಬಸವಣ್ಣೆವ್ವ ಖಾನಾಪುರದ ಮಣ್ಣಿನ ಗಡಿಗೆಯಲ್ಲಿ ಮೊಸರು ಹೆಪ್ಪು ಹಾಕಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮುಂಜಾನೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ವಿನೀತ ಸ್ಟ್ಯಾಂಡಿನಿಂದ ತರುತ್ತಿದ್ದ. ಖಾಲಿಯಾದ ಗಡಿಗೆಯೊಳಗೆ ಮುಕ್ತಾಬಾಯಿ ಚಕ್ಕುಲಿಯನ್ನೋ ಕುಂದಾವನ್ನೋ ಇಟ್ಟು ವಾಪಸು ಕಳಿಸುತ್ತಿದ್ದರು. ಬಸವಣ್ಣೆವ್ವನ ಮನೆತನದಲ್ಲಿ ಒಂದು ಪದ್ಧತಿಯಿತ್ತು: ಬೀಗರಿಗೆ ಕಳಿಸಿದ ಗಡಿಗೆ ಮೊಸರು ಸಮೇತ ಹಿಂದಿರುಗಿದರೆ, ಸಂಬಂಧ ಬೇಡವೆಂದು ಹೇಳಿದಂತೆ. ಐಶ್ವರ್ಯಾ ಇದನ್ನು ಈ ಮನೆಗೆ ಬಂದ ಮೊದಲ ವಾರವೇ ಎಲ್ಲರಿಗೂ ತಿಳಿಸಿದ್ದಳು.

"ಮಾವಾರ," ಎಂದಳು ಅವಳು ಈಗ ಬಾಗಿಲಲ್ಲಿ ನಿಂತು, "ಅದ ಮಸರು ನಾವೆಲ್ಲಾರೂ ಉಂಡೇವಲ್ರಿ? ನಮಗ ಯಾರಿಗೂ ಏನೂ ಆಗಿಲ್ಲ."

"ನೀವು ಮ್ಯಾಲಿನ ಕೆನಿ ಹೊಡದೀರಿ. ನನಗ ತಳದ್ದು ಬಂದದ."

"ತಳದ್ದು ನಾ ತಿಂದೀನಿ," ಎಂದರು ಮುಕ್ತಾಬಾಯಿ.

"ಹಂಗಾರ ನಡುವಿಂದು!"

ಓಣಿಯ ಡಾಕ್ಟರ್ ರಸಿಕಾ ಬಂದು ನಾಡಿ ನೋಡಿ, ಗುಳಿಗೆ ಬರೆದು, ಉಪ್ಪು ಸಕ್ಕರೆಯ ನೀರು ಕುಡಿಯಲು ಹೇಳಿ, "ಕಾಕಾ, ನಾಳಿಂದ ಮಸರನ್ನ ತಿನ್ನರಿ. ಮನೀದು ತಾಜಾ ಮಸರು ಇದ್ದರ ಭಾಳ ಛಲೋ," ಎಂದಳು.

"ಡಾಕ್ಟರ, ಆರೋಪಿಗೇ ಪೊಲೀಸ್ ಡ್ರೆಸ್ ಹಾಕಿಸ್ತೀರೇನು?"

ಡಾಕ್ಟರ್ ರಸಿಕಾ ಮುಕ್ತಾಬಾಯಿಯ ಮುಖ ನೋಡಿದಳು. ರಾಯರು ಅವಳು ಐಶ್ವರ್ಯಾಳ ಮುಖ ನೋಡುತ್ತಾಳೋ ಎಂದು ಕಾದರು. ನೋಡಿದಳು! ನಕ್ಕಳು ಕೂಡ! ಒಳಒಪ್ಪಂದ ಖಾತ್ರಿಯಾಯಿತು.

ಅದೇ ಹೊತ್ತಿಗೆ ವಿನೀತ ಸ್ಟ್ಯಾಂಡಿನಿಂದ ಹೊಸ ಗಡಿಗೆ ತಂದ. ರಾಯರು ಗೋಡೆ ಹಿಡಿದು ಎದ್ದು ಬಂದು ತಮ್ಮ ಕೆಲಸದ ಚೀಲ ತೆರೆದರು. ಗಡಿಗೆಯ ಬಾಯಿಬಟ್ಟೆಯ ಮೇಲೆ ಅಡ್ಡ ಟೇಪು, ಉದ್ದ ಟೇಪು, ಸುತ್ತಲೂ ಟೇಪು. ಅದರ ಮೇಲೆ ದಪ್ಪ ಅಕ್ಷರದಲ್ಲಿ "ಸಂಶಯಾಸ್ಪದ ಮಾಲು. ಮುಟ್ಟಬಾರದು" ಎಂದು ಬರೆದು, ಕೆಳಗೆ ಸಹಿ ಮಾಡಿ, ಫ್ರಿಜ್ಜಿನಲ್ಲಿ ಇಡಿಸಿದರು. "ಪ್ರಯೋಗಾಲಯಕ್ಕ ಹೋಗಬೇಕಿದು. ಯಾರೂ ಕೈ ಹಚ್ಚೂ ಹಂಗಿಲ್ಲ!"

ಐಶ್ವರ್ಯಾ ತಾಯಿಗೆ ಫೋನ್ ಮಾಡಿ, "ಯವ್ವಾ, ಸದ್ಯಕ್ಕ ಮಸರ ಕಳಸಬ್ಯಾಡ," ಎಂದಷ್ಟೇ ಹೇಳಿ ಇಟ್ಟಳು. ಅಷ್ಟು ಹೇಳಿ ಸುಮ್ಮನಾದರೆ ಯಾವ ತಾಯಿ ಸುಮ್ಮನಿದ್ದಾಳು?

ಇತ್ತ ಗುರುಪುತ್ರಪ್ಪ ತನ್ನ ಕ್ಲೇಮಿನ ಗತಿ ಕೇಳಲು ಫೋನ್ ಮಾಡಿದ. ಸಂಡಾಸಕ್ಕೆ ಹೋಗಿದ್ದಾರೆಂದು ಐಶ್ವರ್ಯಾ ಹೇಳಿದಳು. ತುಸು ಹೊತ್ತು ಬಿಟ್ಟು ಮತ್ತೆ ಮಾಡಿದ. ಮತ್ತೆ ಅಲ್ಲಿಗೇ ಹೋಗಿದ್ದರು. ಮೂರನೆಯ ಸಲ ಅವನು ಫೋನ್ ಮಾಡಲಿಲ್ಲ. ಅಂಗಡಿಯನ್ನು ಗುಮಾಸ್ತನಿಗೆ ಬಿಟ್ಟು, ಸ್ಕೂಟರಿಗೆ ಎಳನೀರಿನ ಗೊನೆ ಕಟ್ಟಿಕೊಂಡು ಮನೆಗೇ ಬಂದುಬಿಟ್ಟ! ಮುಖದ ಮೇಲೆ ಕಾಳಜಿ, ಕಣ್ಣೊಳಗೆ ಹಬ್ಬ.

"ಸರ, ಹೊಟ್ಟಿ ಹೆಂಗೈತ್ರಿ?"

"ಮಸರಿಂದ ಸ್ವಲ್ಪ ಕೆಟ್ಟದ."

"ಮಸರಿಂದ?" ಗುರುಪುತ್ರಪ್ಪ ಮುಕ್ತಾಬಾಯಿಯ ಕಡೆ ತಿರುಗಿದ. "ಬಾಯಾರ, ಸರ ನಮ್ಮ ಗೋದಾಮಿನ್ಯಾಗ ತಿಂದ ಅಂಜೂರದ ಸುದ್ದಿ ನಿಮಗ ಹೇಳಿಲ್ಲೇನ್ರಿ?"

"ಅಂಜೂರ? ಯಾವ ಅಂಜೂರ?"

"ತೊಯ್ದು ಬೂಸರು ಹಿಡಿದದ್ರಿ, ಇಲಿಸುದ್ದಾ ಮೂಸಿ ಬಿಟ್ಟದ್ದು! ಬ್ಯಾಡ ಬ್ಯಾಡ ಅಂದ್ರೂ ಹಿಡಿಗಟ್ಟಲೆ ತಿಂದ್ರು. ಅಮೃತ ಇದ್ದಂಗ ಅದ ಅಂದ್ರು!"

ರಾಯರಿಗೆ ತುರ್ತಾಗಿ ಸಂಡಾಸಕ್ಕೆ ಹೋಗಬೇಕಾಯಿತು. ಈ ಸಲ ಹೊಟ್ಟೆಯ ಕಾರಣಕ್ಕಲ್ಲ.

ಮುಕ್ತಾಬಾಯಿ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು ಕಾದರು. ಹೊರಗೆ ಬಂದ ಗಂಡನಿಗೆ ಪಾಠ ಶುರುವಾಯಿತು.

"ಕೇಳ್ರಿ. ಆರೋಪಿಗಳು ಇಬ್ಬರು. ಮಸರು ತಿಂದು ಜೋರಾತಂದ್ರ ಮಸರಿನ ತಪ್ಪು. ಮಸರು ತಿಂದೂ ಗುಣ ಆತಂದ್ರ ಮಸರು ಬಿಡುಗಡಿ, ಅಂಜೂರಕ್ಕ ಶಿಕ್ಷಾ. ಬಟ್ಟಲು ತರ್ತೀನಿ, ತಿನ್ರಿ."

"ಪ್ರಯೋಗ ಮಾಡಲಿಕ್ಕೆ ನಾ ಏನು ಇಲಿ ಏನು?"

"ಇಲಿಗೆ ಬುದ್ಧಿ ಇತ್ತು. ಅದು ಅಂಜೂರ ಮೂಸಿ ಬಿಟ್ಟತು."

"ನಾ ಮಸರು ಮುಟ್ಟಂಗಿಲ್ಲ. ನನ್ನ ಜೀವದ ಪ್ರಶ್ನೆ ಅದ!"

"ಹಂಗಾರ ಮಸರೇ ತಪ್ಪಿತಸ್ಥ ಅಂತ ನಿಮಗ ಖಾತ್ರಿ ಅದ. ಛಲೋ ಆತು. ಅಂಜೂರ ನಿರ್ದೋಷಿ ಅಂತ ವರದಿ ಬರೀರಿ, ಸಹಿ ಹಾಕ್ರಿ, ಕಳಸ್ರಿ."

ರಾಯರು ವರದಿ ಬರೆದರು. "ಸದರಿ ಅಂಜೂರವು ತಿನ್ನಲು ಯೋಗ್ಯವಾಗಿದ್ದು..." ಎಂಬ ತನಕ ಪೆನ್ನು ಕುದುರೆಯಂತೆ ಓಡಿತು. ಸಹಿಯ ಜಾಗಕ್ಕೆ ಬಂದು ಕತ್ತೆಯಂತೆ ನಿಂತುಬಿಟ್ಟಿತು. ನೂಕಿದರು, ಜಗ್ಗಿದರು, ಕದಲಲಿಲ್ಲ. ಕೊನೆಗೆ "ಪ್ರಯೋಗಾಲಯದ ಉತ್ತರ ಬರಲಿ" ಎಂದು ವರದಿಯನ್ನು ದಿಂಬಿನ ಕೆಳಗೆ ತಳ್ಳಿದರು. ಗಡಿಗೆಯನ್ನು ಪ್ರಯೋಗಾಲಯಕ್ಕೆ ಒಯ್ಯಲು ಮಾತ್ರ ಯಾರಿಗೂ ಹೇಳಲಿಲ್ಲ. ಉತ್ತರ ಬಂದುಬಿಟ್ಟರೆ?

ಹೀಗೆ ದಿನಗಳು ಗಂಜಿಯ ಮೇಲೆ ಉರುಳಿದವು. ಗಂಜಿ ಎಂದರೆ ಅನ್ನಕ್ಕೆ ಬಂದ ವೈರಾಗ್ಯ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಸಂಜೆ ಬದಲಾವಣೆಗೆಂದು ತೆಳ್ಳನೆಯ ಗಂಜಿ! ಗುಳಿಗೆಯ ಪ್ರಭಾವಕ್ಕೆ ದಂಡು ತುಸು ಹಿಂದೆ ಸರಿದು, ಅದರ ಜಾಗದಲ್ಲಿ ಹಸಿವು ಡೇರೆ ಹೊಡೆಯಿತು.

ಒಂದು ಮಧ್ಯಾಹ್ನ ಮುಕ್ತಾಬಾಯಿ ಮಲಗಿದ್ದರು, ಐಶ್ವರ್ಯಾ ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದಳು. ರಾಯರು ನೀರು ಕುಡಿಯಲೆಂದು ಫ್ರಿಜ್ಜು ತೆರೆದರು. ಗಡಿಗೆ ಕೂತಿತ್ತು. ಬಾಯಿಗೆ ಬಟ್ಟೆ ಕಟ್ಟಿಸಿಕೊಂಡ ಸತ್ಯಾಗ್ರಹಿಯ ಹಾಗೆ ಅವರನ್ನೇ ನೋಡುತ್ತ ಕೂತಿತ್ತು. ರಾಯರಿಗೆ ಮೊಸರಿನ ಮೇಲಿನ ಸಂಶಯ ಒಮ್ಮೆಲೇ ವೈಜ್ಞಾನಿಕವಾಯಿತು. ಒಂದು ಚಮಚೆ. ಬರೀ ತನಿಖೆಗಾಗಿ!

ಸೀಲು ಒಡೆಯದೆ ಮಾಲು ತೆಗೆಯುವ ವಿದ್ಯೆಯನ್ನು ಅವರು ತಾವು ಹಿಡಿದ ಹಲವು ವಂಚಕರಿಂದ ಕಲಿತಿದ್ದರು. ಟೇಪನ್ನು ಕೆಳಗಿನಿಂದ ಉಗುರಿನಲ್ಲಿ ಸಡಿಲಿಸಿ, ಬಟ್ಟೆ, ಬರಹ, ಸಹಿ ಸಮೇತ ಇಡೀ ಸೀಲನ್ನು ಟೋಪಿಯಂತೆ ಎತ್ತಿದರು. ಒಳಗೆ ಎಮ್ಮೆಯ ಗಟ್ಟಿ ಮೊಸರು, ಕೆನೆಗಟ್ಟಿ, ಚಮಚೆ ನೆಟ್ಟರೆ ನಿಲ್ಲುವಂಥದು. ಮೊದಲ ಚಮಚೆಯಲ್ಲಿ ಏನೂ ನಿರ್ಧಾರವಾಗಲಿಲ್ಲ. ಎರಡನೆಯದರಲ್ಲೂ ಆಗಲಿಲ್ಲ. ತನಿಖೆ ಆಳಕ್ಕೆ ಇಳಿಯುತ್ತ ಹೋಯಿತು. ಆಮೇಲೆ ಟೋಪಿ ತೊಡಿಸಿ, ಟೇಪು ಒತ್ತಿ, ಬಾಯಿ ಒರೆಸಿಕೊಂಡು ಮಲಗಿ ನರಳಿದರು.

ಮರುದಿನ ಮಧ್ಯಾಹ್ನವೂ ತನಿಖೆ ಮುಂದುವರಿಯಿತು. ಅದರ ಮರುದಿನವೂ. ಘೋರ ಸಂಗತಿಯೆಂದರೆ, ಹೊಟ್ಟೆ ಸರಿಯಾಗಿಬಿಟ್ಟಿತು! ದಂಡು ಚದುರಿತು, ನಗಾರಿ ನಿಂತಿತು, ಕೋಟೆಯ ಬಾಗಿಲು ಭದ್ರವಾಯಿತು. ಲೋಕದಲ್ಲಿ ರೋಗ ಬಂದುದಕ್ಕೆ ಗಾಬರಿಯಾಗುವವರಿದ್ದಾರೆ. ಹೋದುದಕ್ಕೆ ಬೆವರಿದವರು ರಾಯರೊಬ್ಬರೇ. ಗುಣವಾದೆನೆಂದರೆ ಮೊಸರು ಬಿಡುಗಡೆ, ಅಂಜೂರಕ್ಕೆ ಶಿಕ್ಷೆ, ಗುರುಪುತ್ರಪ್ಪನಿಗೆ ಜಯ! ಆದ್ದರಿಂದ ಅವರು ಗುಣವಾಗಲಿಲ್ಲ. ತಾಸಿಗೊಮ್ಮೆ ಹೊಟ್ಟೆ ಹಿಡಿದುಕೊಂಡು "ಅಯ್ಯಯ್ಯೋ" ಎನ್ನುತ್ತ ಸಂಡಾಸಕ್ಕೆ ಹೋಗಿ ಕದ ಹಾಕಿಕೊಂಡು ಕೂತರು.

ಆದರೆ ಸಂಶಯಕ್ಕೆ ಆ ಮನೆಯಲ್ಲಿ ಒಬ್ಬರದೇ ಗುತ್ತಿಗೆಯಿರಲಿಲ್ಲ.

"ಐಶ್ವರ್ಯಾ," ಎಂದರು ಮುಕ್ತಾಬಾಯಿ, "ಹೊಟ್ಟಿ ಕೆಟ್ಟ ಮನುಷ್ಯಾ ಸಂಡಾಸಕ್ಕ ಪೇಪರ್ ಒಯ್ತಾನೇನು?"

"ಓಡೂ ಅವಸರದಾಗ ಪೇಪರ್ ಹುಡುಕಾಕ ಯಾರಿಗೆ ಆಗತೈತ್ರಿ, ಅತ್ತ್ಯಾರ?"

"ಇವರು ಪೇಪರ್ ಅಷ್ಟ ಅಲ್ಲ, ಚಷ್ಮಾನೂ ಒಯ್ದಾರ. ಪದಬಂಧ ಬಿಡಿಸಲಿಕ್ಕೆ ಪೆನ್ನೂ ಒಯ್ದಾರ."

ಒಳಗಿನಿಂದ ನರಳಾಟ ಕೇಳಿಸಿತು. ಅದರ ಹಿಂದೆಯೇ, ತಡೆಯಲಾರದೆ, ತುಂಬು ಊಟದವನ ಒಂದು ದೊಡ್ಡ ತೇಗು.

ಆ ಕ್ಷಣಕ್ಕೇ ಹೊರಬಾಗಿಲ ಚಿಲಕದ ಸದ್ದಾಯಿತು. ಇಳಕಲ್ ಸೀರೆಯ ಸೆರಗು ಬಿಗಿದು, ಬಗಲಲ್ಲಿ ಚೀಲ ಹಿಡಿದು ಬಸವಣ್ಣೆವ್ವ ನಿಂತಿದ್ದಳು! ಅವಳ ಹಿಂದೆಯೇ ಗುರುಪುತ್ರಪ್ಪ. ಬೀಗರ ಮನೆ ಎಲ್ಲೆಂದು ಅವಳು ದಾರಿಯಲ್ಲಿ ಕೇಳಿದ್ದು, ದಿನವೂ ಆರೋಗ್ಯ ವಿಚಾರಿಸಲು ಬರುತ್ತಿದ್ದ ಇವನನ್ನೇ. ದಾರಿಯುದ್ದಕ್ಕೂ ಇವನು ಅಂಜೂರದಿಂದ ಮೊಸರಿನ ತನಕ ಎಲ್ಲವನ್ನೂ ಒಪ್ಪಿಸಿಬಿಟ್ಟಿದ್ದ.

"ಬರ್ರಿ ಅಕ್ಕಾರ, ಕುಂದರ್ರಿ," ಎಂದರು ಮುಕ್ತಾಬಾಯಿ.

"ಕುಂದರಾಕ ಬಂದಿಲ್ರಿ ನಾ. ನನ್ನ ಮಸರ ತಿಂದು ಬೀಗರು ಹಾಸಿಗಿ ಹಿಡದಾರಂತ. ಗಡಿಗಿಗೆ ಬ್ಯಾರೆ ಪೊಲೀಸರಂಗ ಸೀಲ್ ಹೊಡದಾರಂತ. ಎಲ್ಲೈತ್ರಿ ಅದು? ತುಂಬಿದ ಗಡಿಗಿ ನಾನ ಹೊತಗೊಂಡ ಹೊಕ್ಕೇನಿ. ಹೊಳ್ಳಿ ಬಂದ ಮಸರಿಗೆ ನಮ್ಮ ಮನ್ಯಾಗ ಏನ ಅರ್ಥ ಐತಿ ಅಂಬೂದು ನಿಮಗ ಗೊತ್ತೈತಿ."

ರಾಯರು ಸಂಡಾಸದಿಂದ ಹೊರಬಂದವರು ಅಲ್ಲೇ ಕಂಬವಾದರು. ವಿನೀತನ ಸಂಸಾರ ಕಣ್ಣೆದುರು ಗಡಿಗೆಯ ಹಾಗೆ ತೂಗಾಡಿತು. "ಬೀಗತಿಯವರ, ಅದು ಬರೇ ಕಾಯ್ದೆ ಪ್ರಕಾರ..." ಎಂದು ಶುರು ಮಾಡಿದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಐಶ್ವರ್ಯಾ ಫ್ರಿಜ್ಜಿನ ಕದ ತೆರೆದು ಗಡಿಗೆ ತೋರಿಸಿದಳು. "ಸಂಶಯಾಸ್ಪದ ಮಾಲು" ಎಂಬುದನ್ನು ಬಸವಣ್ಣೆವ್ವ ಗಟ್ಟಿಯಾಗಿ ಓದಿದಳು. ಓದಿ, ಎರಡೂ ಕೈಯಿಂದ ಗಡಿಗೆ ಎತ್ತಿದಳು. ಭಾರಕ್ಕೆಂದು ಬಿಗಿಹಿಡಿದ ಕೈ ಸರ್ರನೆ ಹಣೆಯ ತನಕ ಹೋಯಿತು.

"ಇದೇನಿದು, ಇಷ್ಟ ಹಗರ!"

ಮುಕ್ತಾಬಾಯಿ ಕನ್ನಡಕ ಏರಿಸಿ ಸೀಲು ನೋಡಿದರು. "ಟೇಪು ಹರಿದಿಲ್ಲ. ಸಹಿ ಇದ್ದಂಗ ಅದ." ಟೇಪು ಕಿತ್ತು ಬಟ್ಟೆ ತೆಗೆದರು. ಗಡಿಗೆಯ ತಳ ಕಾಣಿಸಿತು. ಮೊಸರೆಲ್ಲಿ? ನೆಕ್ಕಿ ಒರೆಸಿದಷ್ಟು ಸ್ವಚ್ಛ!

"ಸೀಲು ಭದ್ರ, ಮಾಲು ಮಾಯ," ಎಂದರು ಮುಕ್ತಾಬಾಯಿ ನಿಧಾನವಾಗಿ. "ಏನ್ರೀ, ಇಂಥಾ ಕೇಸಿನೊಳಗ ನೀವು ಯಾವಾಗಲೂ ಏನು ಬರೀತೀರಿ? ಒಳಗಿನವರ ಕೈವಾಡ ಅಂತ ಅಲ್ಲೇನು?"

ರಾಯರು ಉತ್ತರಿಸುವ ಮೊದಲೇ ಬಸವಣ್ಣೆವ್ವ ಮಗಳ ಕಡೆ ತಿರುಗಿದಳು. ಅವಳ ದನಿ ಇಳಿದಿತ್ತು.

"ಯವ್ವಾ ಐಶು, ಅಡಿಗಿಮನ್ಯಾಗ ಇರಾಕಿ ನೀನ. ಇವರೆಲ್ಲಾ ಅಂದದ್ದ ಕೇಳಿ ನೀ ಚೆಲ್ಲಿದೇನು? ಅವ್ವ ಕಳಿಸಿದ್ದು ಬ್ಯಾಡಾಗಿತ್ತಂದ್ರ ನೆಟ್ಟಗ ಹೇಳ. ನಾ ಬೈಯಂಗಿಲ್ಲ."

ಐಶ್ವರ್ಯಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಆದರೆ ಆ ಕೋಣೆಯಲ್ಲಿ ಅವಳ ಮಾತಿಗೆ ಸಾಕ್ಷಿಯಿರಲಿಲ್ಲ. ಇದ್ದದ್ದು ಒಂದು ಖಾಲಿ ಗಡಿಗೆ ಮತ್ತು ಭದ್ರವಾದ ಒಂದು ಸಹಿ. ಆ ಸಹಿ ರಾಯರದು. ಸೀಲು ಭದ್ರವಿತ್ತು ಎಂಬ ಸುಳ್ಳಿನ ಕೆಳಗೆ ಅವರ ಹೆಸರು, ಜೀವಮಾನದಲ್ಲಿ ಮೊದಲ ಸಲ, ದಪ್ಪ ಅಕ್ಷರದಲ್ಲಿ ಕೂತಿತ್ತು. ಅದನ್ನು ಅಲ್ಲಿಯೇ ಬಿಟ್ಟರೆ ಅವರು ಗೆದ್ದಂತೆ. ಅಂಜೂರವೂ ಪಾರು, ಮಾನವೂ ಪಾರು, ಹುಡುಗಿಯೊಬ್ಬಳು ತಾಯಿಯ ಕಣ್ಣಲ್ಲಿ ಮುಳುಗಿದರೆ ಸಾಕು.

"ನಾ ತಿಂದೆ," ಎಂದರು ರಾಯರು.

"ಏನಂದ್ರಿ?"

"ನಾನ! ನಾನ ತಿಂದೆ! ಸೀಲು ಎತ್ತಿ ತಿಂದೆ, ತಳ ಕೆರೆದು ತಿಂದೆ, ಬೆರಳು ಹಾಕಿ ತಿಂದೆ! ಅಕಿದೇನೂ ತಪ್ಪಿಲ್ಲ. ಮಸರಿಂದೂ ತಪ್ಪಿಲ್ಲ. ಹೊಟ್ಟಿ ಕೆಡಿಸಿದ್ದು ಅಂಜೂರ, ಗುಣ ಮಾಡಿದ್ದು ಮಸರು. ಸಾಕಾತೇನು ಎಲ್ಲಾರಿಗೂ?"

ಗುರುಪುತ್ರಪ್ಪ ಮುಂದೆ ಜಿಗಿದು ರಾಯರ ಎರಡೂ ಕೈ ಹಿಡಿದುಕೊಂಡ. "ಗುಣ ಆದ್ರಲ್ರಿ ಸರ! ನನಗಷ್ಟ ಸಾಕು!" ಅವನ ಕಣ್ಣಲ್ಲಿ ನೀರಾಡಿತು. ನಷ್ಟವಾಯಿತೆಂದು ರುಜುವಾತಾದುದಕ್ಕೆ ಇಷ್ಟು ಸಂತೋಷಪಟ್ಟ ವ್ಯಾಪಾರಿಯನ್ನು ರಾಯರು ಹಿಂದೆಂದೂ ಕಂಡಿರಲಿಲ್ಲ.

ಬಸವಣ್ಣೆವ್ವ ಗಡಿಗೆಯ ತಳದಲ್ಲಿ ಬೆರಳಾಡಿಸಿ ನೋಡಿದಳು. ಬೆರಳಿಗೆ ಏನೂ ಹತ್ತಲಿಲ್ಲ. "ಇಷ್ಟ ಚೊಕ್ಕ ಉಂಡ ಬೀಗರನ್ನ ನಾ ಕಂಡಿಲ್ಲ ಬಿಡ್ರಿ," ಎಂದು ಮೊದಲ ಬಾರಿಗೆ ಕುರ್ಚಿ ಎಳೆದುಕೊಂಡು ಕೂತಳು. ಐಶ್ವರ್ಯಾ ಚಹಾ ಇಡಲು ಒಳಗೆ ಹೋದಳು. ಹೋಗುವಾಗ ಮಾವನ ಕೈಗೆ ದಿಂಬಿನ ಕೆಳಗಿನ ವರದಿಯನ್ನೂ ಪೆನ್ನನ್ನೂ ಕೊಟ್ಟುಹೋದಳು. ರಾಯರು ಹಳೆಯದನ್ನು ಹರಿದು, "ಸದರಿ ಅಂಜೂರವು ತಿನ್ನಲು ಯೋಗ್ಯವಲ್ಲ, ಖುದ್ದಾಗಿ ಪರೀಕ್ಷಿಸಲಾಗಿದೆ" ಎಂದು ಬರೆದು ಸಹಿ ಹಾಕಿದರು. ಈ ಸಲ ಪೆನ್ನು ತಕರಾರು ಮಾಡಲಿಲ್ಲ. ಗುರುಪುತ್ರಪ್ಪ ಚಹಾಕ್ಕೂ ನಿಲ್ಲದೆ ಸ್ಕೂಟರ್ ಹತ್ತಿ ರವಿವಾರ ಪೇಟೆಯ ಕಡೆ ಹಾರಿದ.

ಅವನು ಎಷ್ಟು ವೇಗವಾಗಿ ಹಾರಿದನೆಂಬುದು ಸಂಜೆ, ಬಸವಣ್ಣೆವ್ವ ಬೀಡಿಯ ಬಸ್ಸಿಗೆ ಹೊರಟು ನಿಂತಾಗ ತಿಳಿಯಿತು. ರಾಯರ ಫೋನ್ ಬಡಿದುಕೊಂಡಿತು. ಅವರ ಕೈಯಲ್ಲಿ ಮೊಸರನ್ನದ ಬಟ್ಟಲಿತ್ತಾದ್ದರಿಂದ ಮುಕ್ತಾಬಾಯಿ ಸ್ಪೀಕರ್ ಒತ್ತಿದರು.

"ನಮಸ್ಕಾರ್ರಿ ಸರ! ನಾ ಮಚ್ಛೆಯಿಂದ ಉಳವಪ್ಪ ಮಾತಾಡ್ತೇನ್ರಿ. ನಮ್ಮ ಫ್ಯಾಕ್ಟರ್‍ಯಾಗೂ ಮಳಿ ನೀರು ಹೊಕ್ಕು ಮಾಲೆಲ್ಲಾ ಕೆಟ್ಟೈತ್ರಿ. ನೀವು ಪ್ರಯೋಗಾಲಯ ಗೀಗಾಲಯ ಅನ್ನೂದಿಲ್ಲಂತ, ಖುದ್ದ ತಿಂದು ನೋಡಿ ಆವತ್ತಿಂದ ಆವತ್ತ ಪಾಸ್ ಮಾಡ್ತೀರಂತ. ಇಡೀ ರವಿವಾರ ಪೇಟಿ ಹೊಗಳಾಕತ್ತೈತ್ರಿ! ನಾಳೆ ಬರ್ತೀರೇನ್ರಿ?"

ರಾಯರು ಬಟ್ಟಲು ಕೆಳಗಿಟ್ಟರು. "ಮಾಲು ಯಾವುದು?"

"ಸಂಡಾಸ ತೊಳಿಯೂ ಪುಡಿ ರೀ!"

ಹೊಸ್ತಿಲು ದಾಟಿದ್ದ ಬಸವಣ್ಣೆವ್ವ ನಿಂತು, ಬಗಲಿನ ಗಡಿಗೆಯನ್ನೊಮ್ಮೆ ನೋಡಿ, ಬೀಗರನ್ನೊಮ್ಮೆ ನೋಡಿದಳು.

"ಬೀಗರ, ಅದಕ್ಕ ಒಂದ ಗಡಿಗಿ ಸಾಲಂಗಿಲ್ರಿ. ನಾ ಎಮ್ಮೀನ ಕಳಸ್ತೇನಿ."